ಕೈ ಮಿಷನ್ನಿನಲ್ಲಿ ಜಾಗ ಇಲ್ಲ

ಹತ್ತಿ ಬರುವ ಕಾಲ ಶುರುವಾದರೆ ಸಾಕು, ನಮ್ಮ ಮಿಲ್ಲಿನಲ್ಲಿ ಇಂಥದೊಂದು ಆಗದೆ ವಾರ ಕಳೆಯುವುದಿಲ್ಲ. ಆಗುವುದೆಲ್ಲ ನನಗೇ ಆಗುತ್ತದೆ. ಸಂಜೆ ಮನೆಗೆ ಬಂದು, ಇನ್ನೇನು ಅಳು ಬರಬೇಕು ಎನ್ನುವ ಹಾಗೆ ಹೇಳಿಕೊಂಡರೆ ನಮ್ಮ ಮನೆಯವರು ತಟ್ಟೆ ಬದಿಗಿಟ್ಟು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಬರೆದಾದರೂ ನೋಡೋಣ, ಓದಿದವರಲ್ಲಿ ಒಬ್ಬರಾದರೂ ಅಯ್ಯೋ ಪಾಪ ಎಂದಾರು ಎಂದು ಕೂತಿದ್ದೇನೆ.

ನಾನಿರುವುದು ಆದೋನಿಯ ಒಂದು ಜಿನ್ನಿಂಗ್ ಮಿಲ್ಲಿನ ಆಫೀಸಿನಲ್ಲಿ. ಸುತ್ತಲಿನ ಹಳ್ಳಿಗಳಿಂದ ಹತ್ತಿ ಬರುತ್ತದೆ, ಬೀಜ ಬೇರೆಯಾಗುತ್ತದೆ, ಅರಳೆಯನ್ನು ಒತ್ತಿ ಬೇಲು ಕಟ್ಟುತ್ತಾರೆ. ಬಂದದ್ದೆಷ್ಟು, ಹೋದದ್ದೆಷ್ಟು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಪಕ್ಕದ ಮೇಜಿನಲ್ಲಿ ಲೆಕ್ಕ ಬರೆಯುವ ಆಚಾರ್ರು. ನಮ್ಮಿಬ್ಬರ ಮೇಲೆ ಸಾಹುಕಾರರು. ಮೂವರೂ ಹೊಂದಿಕೊಂಡು ನೆಮ್ಮದಿಯಾಗಿಯೇ ಇದ್ದೆವು, ಆ ಕೈ ಮಿಷನ್ನು ಬರುವವರೆಗೆ.

ಪುಕ್ಕಟೆ ಸಾಮಾನು

ಸಾಹುಕಾರರು ಹೈದರಾಬಾದಿಗೆ ಮದುವೆಗೆಂದು ಹೋದವರು ಅಲ್ಲಿ ಬೀಗರ ಮಿಲ್ಲು ನೋಡಿ, ಅವರಲ್ಲಿದ್ದಂಥದ್ದೇ ಒಂದು ಮಿಷನ್ನು ಕೊಂಡು ಬಂದರು. ಇಟ್ಟಿಗೆಯಷ್ಟು ದಪ್ಪ, ಮೇಲೆ ಒಂದು ಪರದೆ, ಕೆಳಗೆ ಗುಂಡಿಗಳು, ತಲೆಯಲ್ಲಿ ಕೆಂಪು ದೀಪ. ಪ್ರತಿ ಬೇಲಿಗೂ ಗೆರೆಗೆರೆಯ ಚೀಟಿ ಅಂಟಿಸಿರುತ್ತಾರೆ. ದೀಪ ಅದರ ಮೇಲೆ ಬಿಟ್ಟರೆ ಬೇಲಿನ ತೂಕ, ಜಾತಿ, ಒತ್ತಿದ ದಿನ ಎಲ್ಲ ಪರದೆಯ ಮೇಲೆ ಬರಬೇಕು.

ಅದನ್ನು ಹೊಂದಿಸಿಕೊಡಲು ಮಾರಿದವರ ಕಡೆಯಿಂದ ಒಬ್ಬ ಇಂಜಿನಿಯರು ಬಂದಿದ್ದ. ತೆಲುಗಿನವನು, ಒಳ್ಳೆಯ ಹುಡುಗ. ಇದು ಲಿನಕ್ಸ್ ಮೇಲೆ ನಡೆಯುವ ಮಿಷನ್ನು ಎಂದ. ಲಿನಕ್ಸ್ ಅಂದರೆ ಎಲ್ಲಿಯ ಕಂಪನಿ ಎಂದು ಸಾಹುಕಾರರು ಕೇಳಿದರು. ಅದು ಯಾರ ಕಂಪನಿಯದೂ ಅಲ್ಲ, ಲೋಕದ ಎಲ್ಲ ಕಡೆಯ ಜನ ಕೂಡಿ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟಿದ್ದಾರೆ ಎಂದು ಅವನು ಬಿಡಿಸಿ ಹೇಳಿದ. ಹಾಗಾದರೆ ನನ್ನ ಹತ್ತಿರ ರೊಕ್ಕ ಯಾತಕ್ಕೆ ತೆಗೆದುಕೊಂಡಿರಿ ಎಂದು ಇವರು. ರೊಕ್ಕ ಮಿಷನ್ನಿಗೆ, ಒಳಗಿನದು ಪುಕ್ಕಟೆ ಎಂದು ಅವನು. ಸಾಹುಕಾರರಿಗೆ ಸಮಾಧಾನವಾಗಲಿಲ್ಲ, ಆದರೆ ಹೆಚ್ಚಿಗೆ ಕೇಳಲೂ ಹೋಗಲಿಲ್ಲ.

ಇದನ್ನು ಯಾರು ನೋಡಿಕೊಳ್ಳುತ್ತೀರಿ ಎಂಬ ಮಾತು ಬಂತು. ಆಚಾರ್ರು ಕಣ್ಣಿನ ಪೊರೆ ತೋರಿಸಿದರು. ತೂಕದವನು ಇಂಗ್ಲಿಷು ಬರುವುದಿಲ್ಲ ಎಂದ. ನಾನು ಹಿಂದೊಮ್ಮೆ ಸಾಹುಕಾರರ ಫೋನಿಗೆ ಬಸವಣ್ಣನ ವಚನದ ರಿಂಗ್‌ಟೋನು ಹಾಕಿಕೊಟ್ಟಿದ್ದೆ. ಅಷ್ಟಕ್ಕೇ ನಾನು ಕಂಪ್ಯೂಟರು ಕಲಿತವಳಾದೆ.

ಇಂಜಿನಿಯರು ರೈಲು ಹತ್ತಿದ. ನಾನು ಮಿಷನ್ನು ಚಾಲೂ ಮಾಡಿದೆ. ತೂಕದ ಆ್ಯಪಿಗೆ ಹೊಸದೇನೋ ಬಂದಿದೆ, ಹಾಕಿಕೊಳ್ಳಲು ಜಾಗವಿಲ್ಲ ಎಂದು ಕೆಂಪಕ್ಷರದಲ್ಲಿ ಬಂತು. ಬೆಳಿಗ್ಗೆ ಡಬ್ಬಿಯಿಂದ ತೆಗೆದ ಮಿಷನ್ನು. ನಾವಿನ್ನೂ ಒಂದು ಬೇಲು ಸಹ ತೋರಿಸಿರಲಿಲ್ಲ. ಹೋಗಿ ಸಾಹುಕಾರರಿಗೆ ಹೇಳಿದೆ. ಅವರು ಸ್ವಲ್ಪವೂ ಗಾಬರಿಯಾಗಲಿಲ್ಲ.

"ಪುಕ್ಕಟೆ ಅಂದಮ್ಯಾಲ ಊರ ಮಂದಿಯೆಲ್ಲಾ ಬಂದು ತುಂಬ್ಕಂಡಿರ್ತಾರ, ಬಿಡವ್ವ," ಅಂದರು.

ಖಾಲಿ ಗೋದಾಮು

ಇಂಜಿನಿಯರಿಗೆ ಫೋನು ಮಾಡಿದೆ. ಅವನು ಹೇಳಿದ್ದು ಇಷ್ಟು: ಮಿಷನ್ನಿನ ಒಳಗೆ ಜಾಗವನ್ನು ಎರಡು ಪಾಲು ಮಾಡಿದ್ದಾರೆ. ಸಣ್ಣ ಪಾಲು ಆ್ಯಪುಗಳಿಗೆ, ದೊಡ್ಡ ಪಾಲು ನಾವು ತುಂಬುವ ಲೆಕ್ಕಕ್ಕೆ. ಸಣ್ಣದು ತುಂಬಿಹೋಗಿದೆ. ದೊಡ್ಡದು ಪೂರ್ತಿ ಖಾಲಿ ಇದೆ. ಆದರೆ ಆ್ಯಪನ್ನು ದೊಡ್ಡದರಲ್ಲಿ ಇಡಲು ಬರುವುದಿಲ್ಲ, ಮಿಷನ್ನು ಮಾಡಿದವರೇ ಹಾಗೆ ಮಾಡಿಟ್ಟಿದ್ದಾರೆ.

ಇದನ್ನು ನಾನು ಸಾಹುಕಾರರಿಗೆ ತಿಳಿಯುವಂತೆ ಹೇಳಬೇಕಲ್ಲ. ನಮ್ಮಲ್ಲೂ ಎರಡು ಗೋದಾಮು ಇದ್ದಾವೆ, ಒಂದು ಸಣ್ಣದು, ಒಂದು ದೊಡ್ಡದು ಎಂದು ಶುರು ಮಾಡಿದೆ. ಅದೇ ನಾನು ಮಾಡಿದ ತಪ್ಪು. ಗೋದಾಮಿನ ವಿಷಯದಲ್ಲಿ ಅವರಿಗೆ ತಿಳಿಯದ್ದು ಇಲ್ಲ.

"ಸಣ್ಣದು ತುಂಬಿದ್ರ ದೊಡ್ಡದಕ್ಕ ಸರಿಸಬೇಕು. ಇದಕ್ಕ ಹೈದರಾಬಾದಿಗೆ ಫೋನ್ ಯಾಕ?"

ಸರಿಸಲು ಬರುವುದಿಲ್ಲ ಎಂದೆ. ದೊಡ್ಡದರಲ್ಲಿ ಯಾರ ಮಾಲಿದೆ ಎಂದು ಕೇಳಿದರು. ಯಾರದೂ ಇಲ್ಲ, ಖಾಲಿ ಇದೆ ಎಂದೆ. ಬಾಡಿಗೆಗೆ ಕೊಟ್ಟೀವೇನು ಎಂದರು. ಇಲ್ಲರೀ, ನಮ್ಮದೇ ಎಂದೆ. ಸೋರುತ್ತದೇನು ಎಂದರು. ಅದೂ ಇಲ್ಲ ಎಂದೆ. ನಮ್ಮದೇ ಗೋದಾಮು, ಖಾಲಿ ಇದೆ, ಸೋರುವುದಿಲ್ಲ, ಆದರೆ ಮಾಲು ಇಡುವ ಹಾಗಿಲ್ಲ. ಹೇಳುತ್ತ ಹೇಳುತ್ತ ನನಗೇ ನನ್ನ ಮಾತು ಸುಳ್ಳೆನಿಸತೊಡಗಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಕೊನೆಗೆ ಅವರ ದನಿ ಮೆತ್ತಗಾಯಿತು.

"ತಪ್ಪು ನಂದೇ ಐತಿ ಬಿಡು. ಒಬ್ಬಾಕಿ ಹೆಣ್ಮಗಳು, ಎಷ್ಟಂತ ಸರಿಸ್ತಿ," ಅಂದರು.

ಊಟ ಮುಗಿಸಿ ಬಂದು ನೋಡಿದರೆ ಆಫೀಸಿನ ಬಾಗಿಲಲ್ಲಿ ನಾಲ್ಕು ಮಂದಿ ಹಮಾಲರು ಕೊಕ್ಕೆ ಹಿಡಿದು ನಿಂತಿದ್ದರು. ಏನು ಎತ್ತಬೇಕಕ್ಕಾ ಎಂದು ಕೇಳಿದರು.

ರೂಟು

ಕೆಲವು ದಿನ ಹೇಗೋ ಹಳೆಯ ಆ್ಯಪಿನಲ್ಲೇ ದೂಡಿದೆವು. ಆಮೇಲೆ ಒಂದು ಬೆಳಿಗ್ಗೆ ಬೇಲು ತೋರಿಸಿದರೆ ಮಿಷನ್ನು ಸುಮ್ಮನೆ ಮಿಣಿಮಿಣಿ ಎನ್ನುತ್ತಿತ್ತು. ಫೋನು ಹಚ್ಚಿದೆ. ಎರಡೂ ಕೈಯಲ್ಲಿ ಮಿಷನ್ನು ಹಿಡಿದಿದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಿದ್ದೆ. ಸಾಹುಕಾರರು ಬಾಗಿಲ ಹತ್ತಿರ ನಿಂತು ಯಾರ ಜೊತೆಗೋ ಮಾತಾಡುತ್ತಿದ್ದರು.

ಲಿನಕ್ಸಿನಲ್ಲಿ ಆ್ಯಪುಗಳಿರುವ ಆ ಸಣ್ಣ ಪಾಲಿಗೆ ರೂಟ್ ಎಂದು ಹೆಸರಂತೆ. ಪರದೆಯ ಮೇಲಿದ್ದದ್ದನ್ನು ನನ್ನಿಂದ ಓದಿಸಿಕೊಂಡು ಇಂಜಿನಿಯರು ಹೇಳಿದ: "ರೂಟ್ ಫುಲ್ ಅಯಿಂದಿ ಮೇಡಂ. ಇವಾಳ ದಾಂಟ್ಲೋಕಿ ಏಮೀ ಪಂಪಕಂಡಿ." ರೂಟು ತುಂಬಿದೆ, ಇವತ್ತು ಅದರೊಳಗೆ ಏನೂ ಕಳಿಸಬೇಡಿ ಎಂದು. ಸರಿ ಎಂದೆ. ಮಿಷನ್ನು ಆರಿಸಿ ಇಟ್ಟೆ.

ಅವತ್ತು ಕೌತಾಳಂ ಕಡೆಯಿಂದ ನಮಗೊಂದು ಲಾರಿ ಹತ್ತಿ ಬರುವುದಿತ್ತು. ಹತ್ತು ಗಂಟೆಗೆ ಬರಬೇಕಾದದ್ದು ಮಧ್ಯಾಹ್ನವಾದರೂ ಇಲ್ಲ. ಜಿನ್ನಿನ ಮಿಷನ್ನುಗಳು ನಿಂತವು. ಕೆಲಸದವರು ನೆರಳಿನಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡರು. ಆಚಾರ್ರು ಎರಡು ಸಲ ಗೇಟಿನವರೆಗೆ ಹೋಗಿ ನೋಡಿ ಬಂದರು. ನಾನು ಲಾರಿ ಡ್ರೈವರಿಗೆ ಫೋನು ಮಾಡಿದರೆ ಸಿಗ್ನಲ್ಲು ಇಲ್ಲ. ಊರೆಲ್ಲ ಚಿಂತೆ ಮಾಡುತ್ತಿದ್ದರೂ ಸಾಹುಕಾರರು ಮಾತ್ರ ಆರಾಮಾಗಿ ಕೂತಿದ್ದರು. ನಾಲ್ಕು ಗಂಟೆಯ ಹೊತ್ತಿಗೆ ನನ್ನ ಮೇಜಿನ ಹತ್ತಿರ ಬಂದು, "ಆ ರೂಟು ಖಾಲಿ ಆತೇನವ್ವ?" ಅಂದರು.

ಯಾವ ರೂಟು ಎಂದೆ.

"ಅದೇ, ಮುಂಜಾನಿ ಆ ಹುಡುಗ ಹೇಳಿದ್ನಲ್ಲ, ಫುಲ್ ಐತಿ, ಏನೂ ಕಳಿಸಬ್ಯಾಡ್ರಿ ಅಂತ. ನಾನು ಆಗಲೇ ಡ್ರೈವರಗ ಹೇಳಿಬಿಟ್ಟೆ, ಆ ರಸ್ತೆಗೆ ಬರಬ್ಯಾಡ, ಆಲೂರು ಮ್ಯಾಲಿಂದ ಸುತ್ತಿ ಆಸ್ಪರಿ ಕಡೆಯಿಂದ ಬಾ ಅಂತ."

ಕೌತಾಳಂ ಇರುವುದು ಆದೋನಿಯ ಒಂದು ಬದಿಗೆ, ಆಸ್ಪರಿ ಇರುವುದು ಇನ್ನೊಂದು ಬದಿಗೆ. ಮುಂದಿನ ಬಾಗಿಲಿಂದ ಬರುವವನಿಗೆ ಊರು ಸುತ್ತಿ ಹಿತ್ತಲಿಂದ ಬಾ ಎಂದ ಹಾಗೆ. ಆಚಾರ್ರು ಕನ್ನಡಕ ತೆಗೆದು ಒರೆಸಿಕೊಳ್ಳತೊಡಗಿದರು.

ಹೊತ್ತು ಮುಳುಗುವಾಗ ಲಾರಿ ಬಂತು. ಡ್ರೈವರು ಕೆಳಗಿಳಿದ. ಹುಬ್ಬಿನ ಮೇಲೆಲ್ಲ ಧೂಳು. ರೂಟಿನ ವಿಷಯ ಹೈದರಾಬಾದಿನಿಂದ ತಿಳಿದುಕೊಂಡು ಹೇಳಿದ್ದು ನಾನು ಎಂದು ಸಾಹುಕಾರರು ಅವನಿಗೆ ಹೇಳಿದ್ದರಂತೆ. ಇವನು ಸಿಟ್ಟು ಮಾಡುತ್ತಾನೆ ಎಂದುಕೊಂಡೆ. ಸಿಟ್ಟು ಮಾಡಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಅವನಿಗೆ ನನ್ನ ಮೇಲೆ ಭಾರಿ ನಂಬಿಕೆ ಬಂದುಬಿಟ್ಟಿತ್ತು. ಇವತ್ತಿಗೂ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿರುವಾಗ ಫೋನು ಮಾಡುತ್ತಾನೆ.

"ಅಕ್ಕಾ, ಇವತ್ತು ರೂಟು ಹೆಂಗೈತಿ?"

ಎರಡು ಪಂಚಾಂಗ

ಜಾಗ ಇಲ್ಲ, ಜಾಗ ಇಲ್ಲ ಎನ್ನುತ್ತಿದ್ದರೂ ಆ ಮಿಷನ್ನು ಒಂದೇ ಸಮ ತುಂಬಿಕೊಳ್ಳುತ್ತಲೇ ಇತ್ತು. ಏನು ತುಂಬಿದೆ ಎಂದು ಒಂದು ದಿನ ಕೂತು ನೋಡಿದೆ. ತೂಕದ ಆ್ಯಪು ಇಷ್ಟೇ ಇಷ್ಟು. ಗೇಟ್ ಪಾಸಿನದು ಅದಕ್ಕಿಂತ ಸಣ್ಣದು. ಎಲ್ಲಕ್ಕಿಂತ ದೊಡ್ಡವು ಎರಡು ಪಂಚಾಂಗಗಳು.

ಆದದ್ದು ಹೀಗೆ. ರಾಹುಕಾಲದಲ್ಲಿ ನಮ್ಮ ಲಾರಿ ಗೇಟು ದಾಟುವುದಿಲ್ಲ. ಅದನ್ನು ನೋಡಲು ಸಾಹುಕಾರರು ಮಿಷನ್ನು ಬಂದ ದಿನವೇ ಇಂಜಿನಿಯರನ್ನು ಕೇಳಿ ಒಂದು ಪಂಚಾಂಗ ಹಾಕಿಸಿಕೊಂಡಿದ್ದರು. ರಾಹುಕಾಲ ಬಂದಾಗ ಅದು ಗಂಟೆ ಬಾರಿಸುತ್ತಿತ್ತು. ಆದರೆ ಅದರಲ್ಲಿಯ ಏಕಾದಶಿ ಆಚಾರ್ರಿಗೆ ಒಪ್ಪಲಿಲ್ಲ. ದಶಮಿ ತಾಕಿದ ಏಕಾದಶಿ ನಮ್ಮ ಮಠದವರಿಗೆ ನಡೆಯುವುದಿಲ್ಲ ಎಂದು, ಇಂಜಿನಿಯರು ಹೊರಡುವ ಮೊದಲೇ ಅವರೂ ಬೇರೆಯಾಗಿ ಕೇಳಿ ತಮ್ಮದೊಂದು ಹಾಕಿಸಿದ್ದರು. ಅದು ಏಕಾದಶಿಯ ದಿನ ಶಂಖ ಊದುತ್ತಿತ್ತು. ಗಂಟೆಗೂ ಶಂಖಕ್ಕೂ ದೇವರ ಚಿತ್ರಗಳಿಗೂ ಸೇರಿ ಜಾಗವೆಲ್ಲ ಹೋಗಿತ್ತು.

ಒಂದನ್ನು ತೆಗೆಯಬೇಕು. ಸಾಹುಕಾರರನ್ನು ಕೇಳಿದೆ. ಆಚಾರ್ರದ್ದು ತೆಗಿ ಎಂದರು. ಆಚಾರ್ರನ್ನು ಕೇಳಿದೆ. ಅವರು ಯಜಮಾನರದ್ದು ತೆಗಿ ಎನ್ನಲಿಲ್ಲ, ಅಷ್ಟು ಒರಟು ಮನುಷ್ಯರಲ್ಲ. "ಸರಿಯಾದದ್ದು ಯಾವುದದ, ಅದನ್ನ ಇಡಮ್ಮಾ," ಎಂದರು. ಶಿವನಿಗೂ ವಿಷ್ಣುವಿಗೂ ನಡುವೆ ನಾನು ಯಾವ ಗಿಡದ ತಪ್ಪಲು? ಎರಡನ್ನೂ ತೆಗೆದು, ಬೀಜದಂಗಡಿಯವರು ಕೊಟ್ಟಿದ್ದ ಕಾಗದದ ಕ್ಯಾಲೆಂಡರನ್ನು ಗೋಡೆಗೆ ತೂಗುಹಾಕಿದೆ. ಇಬ್ಬರದೂ ಹೋಯಿತಲ್ಲ ಎಂದು ಇಬ್ಬರಿಗೂ ಸಮಾಧಾನವಾಯಿತು.

ಆ ವಾರ ಆಚಾರ್ರ ಮನೆಯವರು ತವರಿಗೆ ಹೋಗಿದ್ದರು. ಮನೆಯಲ್ಲಿ ತಿಥಿ ನೋಡಿ ಹೇಳುವವರು ಅವರೇ. ಆಚಾರ್ರು ಗೋಡೆಯ ಕ್ಯಾಲೆಂಡರು ನೋಡಿ ಸೋಮವಾರ ಏಕಾದಶಿ ಮಾಡಿದರು. ನಿರಾಹಾರ. ಗುಟುಕು ನೀರೂ ಇಲ್ಲ. ನಾವು ಊಟದ ಡಬ್ಬಿ ಬಿಚ್ಚಿದಾಗ ಎದ್ದು ಬೇಲುಗಳ ನಡುವೆ ಓಡಾಡಿಕೊಂಡಿದ್ದರು. ಸಂಜೆ ಹೊತ್ತಿಗೆ ಮಾತು ತೊದಲುತ್ತಿತ್ತು. ಅಷ್ಟರಲ್ಲಿ ಸಾಹುಕಾರರು ಅಮಾವಾಸ್ಯೆ ಯಾವತ್ತಿದೆ ಎಂದು ನೋಡಲು ಕ್ಯಾಲೆಂಡರಿನ ಹತ್ತಿರ ಹೋದರು. ಕನ್ನಡಕ ಮೇಲೆ ಮಾಡಿ ನೋಡಿದರು, ಕೆಳಗೆ ಮಾಡಿ ನೋಡಿದರು.

"ಏನವ್ವ, ಇದು ಹೋದ ವರ್ಷದ್ದಲ್ಲ?"

ನಾನು ಕುರ್ಚಿಯಲ್ಲೇ ಕುಗ್ಗಿಹೋದೆ. ನಿಜವಾದ ಏಕಾದಶಿ ಆ ವಾರದ ಕೊನೆಗಿತ್ತು; ಆಚಾರ್ರು ಮತ್ತೊಮ್ಮೆ ಉಪವಾಸ ಇರಬೇಕು. ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವರು ಒಣಗಿದ ತುಟಿ ಸವರಿಕೊಂಡು, ನನ್ನನ್ನೇ ಸಮಾಧಾನ ಮಾಡುವವರ ಹಾಗೆ ಹೇಳಿದರು:

"ಇರಲಿ ಬಿಡಮ್ಮಾ. ಹೋದ ವರ್ಷ ಈ ಏಕಾದಶಿಗೆ ಜ್ವರ ಬಂದು ಗಂಜಿ ಕುಡಿದಿದ್ದೆ. ಅದು ಇವತ್ತು ತೀರಿತು."

ಒಂದು ಆದೋನಿ

ಕೌತಾಳಂನಲ್ಲಿ ನಮ್ಮವರು ಹತ್ತಿ ಕೊಳ್ಳುವ ಒಂದು ಜಾಗವಿದೆ. ಅಲ್ಲಿ ಚೀಟಿ ಅಂಟಿಸಿ ಬಾ ಎಂದು ಒಂದು ದಿನ ನನ್ನನ್ನು ಮಿಷನ್ನಿನ ಸಮೇತ ಕಳಿಸಿದರು. ವಾಪಸು ಬರುವಾಗ ಬಸ್ಸು ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತು. ಪುಣ್ಯಕ್ಕೆ ನನಗೆ ಬಾಗಿಲ ಹತ್ತಿರವೇ ಸೀಟು ಸಿಕ್ಕಿತ್ತು. ಹೊತ್ತು ಹೋಗಲೆಂದು ಮಿಷನ್ನು ತೊಡೆಯ ಮೇಲಿಟ್ಟುಕೊಂಡು, ಇಂಜಿನಿಯರು ಹೇಳಿಕೊಟ್ಟಂತೆ ಬೇಡವಾದದ್ದನ್ನು ಒಂದೊಂದಾಗಿ ಅಳಿಸುತ್ತ ಕೂತೆ.

ಕಂಡಕ್ಟರು ಹಿಂದಿನ ಸೀಟುಗಳ ಕಡೆ ಸಿಕ್ಕಿಹಾಕಿಕೊಂಡಿದ್ದ. ಮುಂದಿನ ಸ್ಟಾಪಿನಲ್ಲಿ ಹತ್ತಿದ ಹೆಂಗಸೊಬ್ಬಳು ನೇರ ನನ್ನ ಮೂಗಿನ ಹತ್ತಿರ ಆಧಾರ್ ಕಾರ್ಡು ಹಿಡಿದಳು. ಹೆಂಗಸರಿಗೆ ಬಸ್ಸು ಬಿಟ್ಟಿ, ಆದರೆ ಕಾರ್ಡು ತೋರಿಸಿ ಟಿಕೆಟು ಪಡೆಯಬೇಕು. ನಾನು ಕಂಡಕ್ಟರಲ್ಲ ಎಂದೆ. ಆಕೆ ನನ್ನ ಕೈಯಲ್ಲಿದ್ದ ಮಿಷನ್ನು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. ಬಿಟ್ಟಿ ಟಿಕೆಟು ಅಂದರೆ ಇವರಿಗೆಲ್ಲ ಕೊಡಲು ಮನಸ್ಸೇ ಬರುವುದಿಲ್ಲ ಎಂದು ಪಕ್ಕದವಳಿಗೆ ಹೇಳಿದಳು. ಪಕ್ಕದವಳೂ ಕಾರ್ಡು ತೆಗೆದಳು. ಗಂಡಸೊಬ್ಬ ಚಿಲ್ಲರೆ ನೀಡಿದ. ಗದ್ದಲ ಕೇಳಿ ಹಿಂದಿನಿಂದ ನಿಜವಾದ ಕಂಡಕ್ಟರು ತಲೆಗಳ ಮೇಲಿಂದ ಇಣುಕಿದ.

"ಎವರಮ್ಮಾ ಅಕ್ಕಡ ಟಿಕೆಟ್ಲು ಇಸ್ತುನ್ನದಿ?" ಅಲ್ಲಿ ಟಿಕೆಟು ಕೊಡುತ್ತಿರುವವಳು ಯಾರು ಎಂದು ಅವನ ಪ್ರಶ್ನೆ.

ಇಡೀ ಬಸ್ಸು ನನ್ನನ್ನು ನೋಡಿತು. ಇದು ಹತ್ತಿಯ ಮಿಷನ್ನು, ಬೇಲಿಗೆ ಹಿಡಿಯುವಂಥದ್ದು ಎಂದು ಕನ್ನಡದಲ್ಲೊಮ್ಮೆ ತೆಲುಗಿನಲ್ಲೊಮ್ಮೆ ಹೇಳಿದೆ. ಯಾರೂ ನಂಬಿದ ಹಾಗೆ ಕಾಣಲಿಲ್ಲ. ಅಷ್ಟರಲ್ಲಿ ಮಿಷನ್ನು ತನ್ನ ಕೆಂಪಕ್ಷರ ತೋರಿಸಿತು. ಅಷ್ಟು ಅಳಿಸಿದರೂ ಜಾಗ ಸಾಲದಂತೆ. ಆಗಲೇ ಅಜ್ಜಿಯೊಬ್ಬಳು ಬುಟ್ಟಿ ಹೊತ್ತುಕೊಂಡು ಹತ್ತಿ ನನ್ನ ಭುಜ ತಟ್ಟಿದಳು.

"ಒಂದು ಆದೋನಿ ಕೊಡವ್ವ."

ನಾನು ಪರದೆ ನೋಡುತ್ತಲೇ, ಸಾಕಾಗಿಹೋಗಿ, ಇದರಾಗ ಜಾಗ ಇಲ್ಲಮ್ಮ ಎಂದುಬಿಟ್ಟೆ.

"ಇಲ್ಲಂದ್ರ ಇರಲಿ ಬಿಡವ್ವ, ನಿಂತ್ಕಂಡೇ ಬರ್ತೀನಿ," ಅಂದಳು ಅಜ್ಜಿ.

ಹಾಗಂದ ಮೇಲೆ ಕೂತಿರಲು ನನಗೆ ಮನಸ್ಸಾಗಲಿಲ್ಲ. ಎದ್ದು ಸೀಟು ಬಿಟ್ಟುಕೊಟ್ಟೆ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಮಿಷನ್ನು ಹಿಡಿದು ನಿಂತೆ. ನಾನು ಕಂಡಕ್ಟರೇ ಎಂಬುದು ಆಗ ಎಲ್ಲರಿಗೂ ಖಾತ್ರಿಯಾಯಿತು.

ಚುಕ್ಕಿ ಭಾಷೆ

ಇಷ್ಟು ದಿನ ಆದದ್ದು ಒಂದು ತೂಕವಾದರೆ ಇದೊಂದೇ ಒಂದು ತೂಕ.

ತಮಿಳುನಾಡಿನ ದೊಡ್ಡ ನೂಲಿನ ಮಿಲ್ಲೊಂದರ ಆಫೀಸರು ನಮ್ಮ ಬೇಲು ನೋಡಲು ಬರುತ್ತೇನೆಂದು ತಿಳಿಸಿದರು. ಅವರ ಮನಸ್ಸಿಗೆ ಬಂದರೆ ವರ್ಷಪೂರ್ತಿ ನಮ್ಮದೇ ಮಾಲು. ಆದರೆ ಯಾವ ಬೇಲಿಗೆ ದೀಪ ಹಿಡಿದರೂ ಅದರ ತೂಕ, ವಿವರ ತಕ್ಷಣ ಬರಬೇಕು, ಅದು ಅವರ ಕರಾರು. ಸಾಹುಕಾರರು ನನ್ನನ್ನು ಕರೆದು ಎಲ್ಲ ವಿವರಿಸಿದರು.

"ಅವತ್ತು ಆ ಮಿಷನ್ನು ಜಾಗ ಇಲ್ಲ ಅಂದ್ರ, ಆಫೀಸಿನಾಗ ನಿನಗೂ ಜಾಗ ಇಲ್ಲ ನೋಡವ್ವ," ಎಂದು ನಕ್ಕರು. ಅವರು ನಕ್ಕದ್ದರಿಂದ ನನಗೆ ಇನ್ನೂ ಹೆದರಿಕೆಯಾಯಿತು. ಮಗಳು ಕಾಲೇಜಿಗೆ ಹೋಗುವವಳು, ಮನೆಯವರದು ಇಂದು ಇದ್ದರೆ ನಾಳೆ ಇಲ್ಲದ ಕೆಲಸ. ನನ್ನ ಕುರ್ಚಿ ನನಗೆ ಬೇಕು.

ಅವರು ಬರುವ ದಿನ ಬೆಳಿಗ್ಗೆ ಬೇಗ ಬಂದು ಇಂಜಿನಿಯರಿಗೆ ಫೋನು ಹಚ್ಚಿದೆ. ಅವನು ಬೇರೆ ಯಾವುದೋ ಊರಿನಲ್ಲಿ ಇನ್ನೊಂದು ಮಿಲ್ಲಿನ ಗೋಳಿನ ನಡುವೆ ಇದ್ದ. ಮಿಷನ್ನಿನಲ್ಲಿ ನಮಗೆ ಬೇಡದ ಭಾಷೆಗಳು ಬಹಳ ಇದ್ದಾವೆ, ತೆಲುಗು ಇಂಗ್ಲಿಷು ಇಟ್ಟುಕೊಂಡು ಉಳಿದವನ್ನು ತೆಗೆದುಬಿಡಿ, ಬೇಕಾದಷ್ಟು ಜಾಗವಾಗುತ್ತದೆ ಎಂದ. ನಾನು ಭಾಷೆಗಳ ಪಟ್ಟಿ ತೆರೆದು, ತೆಲುಗಿಗೂ ಇಂಗ್ಲಿಷಿಗೂ ಗುರುತು ಹಾಕಿ ಗುಂಡಿ ಒತ್ತಿದೆ. ಗುರುತು ಹಾಕಿದ್ದನ್ನು ಇಡುತ್ತದೆ ಎಂದುಕೊಂಡಿದ್ದೆ. ಅದು ಗುರುತು ಹಾಕಿದ್ದನ್ನೇ ತೆಗೆಯಿತು.

ಮಿಷನ್ನು ಆರಿ ಮತ್ತೆ ಹತ್ತಿತು. ಇಷ್ಟು ದಿನದಲ್ಲಿ ಮೊದಲ ಸಲ ಕೆಂಪಕ್ಷರ ಇರಲಿಲ್ಲ. ಎಲ್ಲ ಹಸಿರು. ಆದರೆ ಓದಲು ಹೋದರೆ ಒಂದೂ ತಿಳಿಯದು. ಅಕ್ಷರವೇನೋ ಇಂಗ್ಲಿಷಿನವೇ, ಆದರೆ ಹಲವಕ್ಕೆ ತಲೆಯ ಮೇಲೆ ಎರಡೆರಡು ಚುಕ್ಕಿ. ಒಂದೊಂದು ಶಬ್ದ ಪರದೆಯ ಈ ತುದಿಯಿಂದ ಆ ತುದಿಯವರೆಗೆ. ಮತ್ತೆ ಫೋನು ಮಾಡಿದೆ. ಇಂಜಿನಿಯರು ಒಂದು ಶಬ್ದವನ್ನು ಅಕ್ಷರ ಅಕ್ಷರವಾಗಿ ಓದಿಸಿಕೊಂಡ. ಆ ಮಿಷನ್ನನ್ನು ಮೊದಲು ಯಾವುದೋ ಹಿಮ ಬೀಳುವ ದೇಶಕ್ಕೆಂದು ಮಾಡಿದ್ದಂತೆ. ಅದು ಅಲ್ಲಿಯ ಭಾಷೆ. ತೆಲುಗು ಇಂಗ್ಲಿಷು ಅವನೇ ಮೇಲೆ ಹಾಕಿದ್ದು. ಮತ್ತೆ ಹಾಕಬೇಕಾದರೆ ಅವನೇ ಬರಬೇಕು.

ಫೋನು ಕೆಳಗಿಡುವಷ್ಟರಲ್ಲಿ ಗೇಟಿನಲ್ಲಿ ಕಾರು ನಿಂತಿತು.

ಸಾಹುಕಾರರಿಗೆ ಹೇಳೋಣವೆಂದು ಹೋದರೆ ಅವರು ಆಗಲೇ ಶಾಲು ಹಿಡಿದುಕೊಂಡು ಗೇಟಿನ ಕಡೆ ನಡೆದಿದ್ದರು. ಎಲ್ಲರೂ ಗೋದಾಮಿಗೆ ಹೋದೆವು. ಆಫೀಸರು ನನ್ನ ಕೈಯಿಂದ ಮಿಷನ್ನು ತೆಗೆದುಕೊಂಡು, ತಾವೇ ಒಂದು ಬೇಲು ಆರಿಸಿ ದೀಪ ಹಿಡಿದರು. ಕುಂಯ್ ಎಂದಿತು. ಅಂಕಿ ಸರಿಯಾಗಿತ್ತು. ಅಂಕಿಯ ಮೇಲೂ ಕೆಳಗೂ ಚುಕ್ಕಿಗಳ ಸಾಲು. ಇನ್ನೊಂದಕ್ಕೆ ಹಿಡಿದರು. ಅದೂ ಸರಿ. ಮಿಷನ್ನನ್ನು ಕಣ್ಣಿನ ಹತ್ತಿರ ತಂದು, ಇದು ಯಾವ ಭಾಷೆ ಎಂದು ತೆಲುಗಿನಲ್ಲಿ ಕೇಳಿದರು. ನನ್ನ ಕುರ್ಚಿ ಹೋಯಿತು ಎಂದುಕೊಂಡೆ. ಸತ್ಯ ಹೇಳಿಬಿಡೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಸಾಹುಕಾರರು ಮುಂದೆ ಬಂದರು.

"ಎಕ್ಸ್‌ಪೋರ್ಟ್ ಮಾಡೆಲ್ ಸಾರ್."

ಆಫೀಸರು ಸಾಹುಕಾರರನ್ನು ಮೇಲಿನಿಂದ ಕೆಳಗಿನವರೆಗೆ ಹೊಸದಾಗಿ ನೋಡಿದರು. ನೀವು ಹೊರದೇಶಕ್ಕೂ ಕಳಿಸುತ್ತೀರಾ ಎಂದರು. ಸಾಹುಕಾರರು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ತಲೆ ತಗ್ಗಿಸಿ ಎರಡೂ ಕೈ ಜೋಡಿಸಿದರು. ಮತ್ತೆ ಇದನ್ನು ಓದುವವರು ಯಾರು ಎಂದಾಗ ನನ್ನ ಕಡೆ ಬೆರಳು ತೋರಿಸಿದರು. ಆಫೀಸರು ನನಗೂ ನಮಸ್ಕಾರ ಮಾಡಿದರು. ನಾನು ಬೇಲನ್ನು ನೋಡುತ್ತ ನಿಂತೆ. ಹೋಗುವ ಮುಂಚೆ ಅವರು ವರ್ಷದ ಮಾತು ಪಕ್ಕಾ ಮಾಡಿಕೊಂಡೇ ಹೋದರು.

ಮುಂದಿನ ವಾರ ಇಂಜಿನಿಯರು ತೆಲುಗು ಇಂಗ್ಲಿಷು ಹಾಕಲು ಬಂದ. ಸಾಹುಕಾರರು ಅವನಿಗೆ ಊಟ ಹಾಕಿಸಿ, ಮಿಷನ್ನು ಮುಟ್ಟಗೊಡದೆ ವಾಪಸು ಕಳಿಸಿದರು. ಈ ಭಾಷೆ ಬಂದ ಮೇಲೆ ಜಾಗವೂ ಆಯಿತು, ಗಿರಾಕಿಯೂ ಬಂದ, ಇದೇ ಇರಲಿ ಎಂದುಬಿಟ್ಟರು.

ಅಂದಿನಿಂದ ನಾನು ಬಣ್ಣ ನೋಡಿ ಕೆಲಸ ಮಾಡುತ್ತೇನೆ. ಹಸಿರಾದರೆ ಮುಂದಕ್ಕೆ. ಹಳದಿಯಾದರೆ ಕಾಯಬೇಕು. ತಿಂಗಳು ಕಳೆಯುವಷ್ಟರಲ್ಲಿ ಸಣ್ಣ ಪಾಲು ಮತ್ತೆ ತುಂಬಿ ಕೆಂಪೂ ಬರತೊಡಗಿತು, ಜೊತೆಗೆ ಮಾರುದ್ದದ ಒಂದು ಶಬ್ದ. ಅದು ಜಾಗ ಸಾಲದು ಎಂಬುದೇ ಇರಬೇಕು, ಇನ್ನೇನಿರುತ್ತದೆ? ಆ ಭಾಷೆಯಲ್ಲಿ ನಾನು ಕಲಿತದ್ದು ಅದೊಂದೇ.

ಸಾಹುಕಾರರು ಸುಮ್ಮನಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವರು ಹತ್ತಿ ಮಾರ್ಕೆಟಿನಲ್ಲೆಲ್ಲ, ನಮ್ಮ ಆಫೀಸಿನಾಕಿ ಹೊರದೇಶದ ಭಾಷೆ ಸರಾಗವಾಗಿ ಓದುತ್ತಾಳೆ ಎಂದು ಹೇಳಿಕೊಂಡು ಬಂದಿದ್ದರು. ಒಂದು ಮಧ್ಯಾಹ್ನ ಪಕ್ಕದ ಮಿಲ್ಲಿನ ಸಾಹುಕಾರರು ಒಂದು ಡಜನ್ ಬಾಳೆಹಣ್ಣು, ಒಂದು ದಪ್ಪ ಪುಸ್ತಕ ಹಿಡಿದುಕೊಂಡು ಬಂದರು. ಬೇಲು ಒತ್ತುವ ಹೊರದೇಶದ ಹಳೆಯ ಮಿಷನ್ನೊಂದನ್ನು ಅವರು ಹೊಸದಾಗಿ ತರಿಸಿ ಕೂರಿಸಿದ್ದರು. ಎಷ್ಟು ತಿಪ್ಪರಲಾಗ ಹಾಕಿದರೂ ಅದು ನಡೆಯುತ್ತಿರಲಿಲ್ಲ. ಪುಸ್ತಕ ಅದರದು.

"ಚುಕ್ಕಿ ಭಾಷಿ ನಿನಗ ಬರ್ತತಂತಲ್ಲವ್ವ. ಇದ್ರಾಗ ಏನು ಬರದಾರ, ಸ್ವಲ್ಪ ನೋಡು," ಅಂದರು.

ನನಗೆ ಬರುವುದಿಲ್ಲ ಎಂದೆ. "ಹಂಗೇ ಅಂತಾಳ, ಬಾಳ ಸಂಕೋಚ," ಎಂದರು ನಮ್ಮ ಸಾಹುಕಾರರು ಹಿಂದಿನಿಂದ. ಆಚಾರ್ರನ್ನು ನೋಡಿದೆ, ಅವರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಬೇರೆ ದಾರಿ ಕಾಣದೆ ಪುಸ್ತಕ ತೆರೆದೆ. ಇದರಲ್ಲೂ ಚುಕ್ಕಿಗಳಿದ್ದವು. ಅದೇ ಭಾಷೆಯೋ ಅದರ ಚಿಕ್ಕಪ್ಪನ ಮಕ್ಕಳೋ ನನಗೇನು ಗೊತ್ತು? ಹಾಳೆ ತಿರುವುತ್ತ ಹೋದೆ. ಒಂದು ಹಾಳೆಯಲ್ಲಿ ಕೆಂಪು ಗೆರೆಯ ಚೌಕ, ಅದರೊಳಗೆ ಮಾರುದ್ದದ ಶಬ್ದ. ನಮ್ಮ ಮಿಷನ್ನಿನ ಶಬ್ದದ ಹಾಗೇ ಕಂಡಿತು.

ಇಂಥದೊಂದು ಶಬ್ದ ನನಗೆ ಗೊತ್ತು, ಜಾಗ ಸಾಲದು ಅಂತ ಅದರ ಅರ್ಥ, ಅದೂ ನಮ್ಮ ಕೈ ಮಿಷನ್ನಿನಲ್ಲಿ, ನಿಮ್ಮ ಪುಸ್ತಕದಲ್ಲಿ ಏನರ್ಥವೋ ನನಗೆ ಗೊತ್ತಿಲ್ಲರೀ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಮೊದಲರ್ಧ ಕೇಳಿದ್ದೇ ಎದ್ದು ನಿಂತಿದ್ದರು. ಮಿಷನ್ನು ಕೂರಿಸುವಾಗಲೇ ಇಕ್ಕಟ್ಟಾಯಿತು ಎಂದು ತಮ್ಮ ಫಿಟ್ಟರು ಬಡಕೊಂಡಿದ್ದನಂತೆ. ಪುಸ್ತಕದಲ್ಲೂ ಅದನ್ನೇ ಬರೆದಿದ್ದಾರಲ್ಲ ಎಂದು ಹೇಳುತ್ತಲೇ ಹೊರಟರು. ನಾನು ಗೇಟಿನವರೆಗೆ ಹಿಂದೆ ಓಡಿದೆ. ಸಂಕೋಚ ಮಾಡಿಕೊಳ್ಳಬೇಡ, ಹಣ್ಣು ತಿನ್ನು ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ನಾನು ಆಫೀಸಿನ ಬೀಗ ತೆಗೆಯುತ್ತಿರುವಾಗ ದೊಡ್ಡ ಗೋದಾಮಿನ ಕಡೆಯಿಂದ ಧಡ್ ಧಡ್ ಎಂದು ಸದ್ದು ಬಂತು. ಸಾಹುಕಾರರು ಆಗಷ್ಟೇ ಬಂದಿದ್ದರು. ಇಬ್ಬರೂ ಓಡಿದೆವು. ಆ ಗೋದಾಮಿನ ಹಿಂಗೋಡೆಯ ಆಚೆಗೇ ಪಕ್ಕದವರು ಆ ಹಳೆಯ ಮಿಷನ್ನು ಕೂರಿಸಿದ, ಮುಂದೆಲ್ಲ ತೆರೆದ ಶೆಡ್ಡು. ಇಬ್ಬರಿಗೂ ಅದೊಂದೇ ಗೋಡೆ. ಒಳಗೆ ಹೋಗಿ ನೋಡಿದರೆ ತಮಿಳುನಾಡಿಗೆ ಹೋಗಬೇಕಾದ ಬೇಲುಗಳ ಮೇಲೆಲ್ಲ ಮಣ್ಣು, ಇಟ್ಟಿಗೆ ಚೂರು. ಗೋಡೆಯ ನಡುವೆ ಎತ್ತಿನ ಬಂಡಿ ಹೋಗುವಷ್ಟು ಬಿಸಿಲು.

ಆ ಬಿಸಿಲಿನಲ್ಲಿ ಪಕ್ಕದ ಸಾಹುಕಾರರು ತಲೆಗೆ ಟವೆಲ್ಲು ಸುತ್ತಿಕೊಂಡು ನಿಂತಿದ್ದರು. ನಮ್ಮ ಸಾಹುಕಾರರು ಗೋಡೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಪಕ್ಕದವರು ಮಾತ್ರ ಅವರ ಕಡೆ ತಿರುಗಿಯೂ ನೋಡದೆ, ನಗುನಗುತ್ತ ನನ್ನನ್ನೇ ಕೇಳಿದರು:

"ಇಷ್ಟು ಸಾಕೇನವ್ವ, ಇನ್ನಾ ಒಡಿ ಅಂತೈತೇನು ಆ ಬುಕ್ಕು?"